ಅಣ್ಣನ ಮುಖದ ಬಣ್ಣ

ಅಣ್ಣ ತೀರಿಕೊಂಡ ವರ್ಷ ದೀಪಾವಳಿ ಮುಗಿದ ಮೇಲೆ ಅತ್ತಿಗೆ ಕಳಸದಿಂದ ಫೋನ್ ಮಾಡಿದರು. ವರ್ಷದ ಕಾರ್ಯದ ಹೊತ್ತಿಗೆ ಗೋಡೆಗೆ ಹಾಕಲು ಅವನದೊಂದು ದೊಡ್ಡ ಫೋಟೋ ಬೇಕು, ಹೇಗೂ ನಿಮ್ಮದೇ ಅಂಗಡಿ ಇದೆಯಲ್ಲ, ಮಾಡಿಕೊಡು ಎಂದರು. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನ ಗಂಡನದು ಜೆರಾಕ್ಸ್ ಅಂಗಡಿ. ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನೂ ಅವರು ತೆಗೆದುಕೊಡುತ್ತಾರೆ. ನಾನು ಒಪ್ಪಿಕೊಂಡೆ. ಅಣ್ಣನಿಗಾಗಿ ನಾನು ಮಾಡಬಹುದಾದ ಕೆಲಸ ಇನ್ನೇನೂ ಉಳಿದಿರಲಿಲ್ಲ.

ಅಣ್ಣ ಕಳಸದ ಮೇಲಿನ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಹಾಜರಿ, ಕೊಯ್ಲು, ಗೊಬ್ಬರದ ಲೆಕ್ಕ ಬರೆಯುವ ಕೆಲಸ. ಆಳುಗಳೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆಯುವ ಕಾಲ ಬಂದರೂ ಅವನು ರೀಲು ಹಾಕುವ ಕ್ಯಾಮೆರಾ ಬಿಡಲಿಲ್ಲ. ರೀಲು ಸಿಗುವುದು ಕಷ್ಟವಾದಾಗ ಬೆಂಗಳೂರಿಗೆ ಹೋಗುವವರ ಹತ್ತಿರ ಹೇಳಿ ತರಿಸುತ್ತಿದ್ದ. ಹಾಗೆ ತರಿಸಿದ ರೀಲಿನಲ್ಲಿ ಆಳುಗಳ ಲೈನ್ ಮನೆಗಳ ಮಕ್ಕಳು, ಕಣದಲ್ಲಿ ಕಾಫಿ ಹರಡುವ ಹೆಂಗಸರು, ಅತ್ತಿಗೆ, ನಾಯಿ ಎಲ್ಲರೂ ಇರುತ್ತಿದ್ದರು, ಅವನೊಬ್ಬನನ್ನು ಬಿಟ್ಟು.

ಕೊನೆಯ ವರ್ಷ ಮಾತ್ರ ಹಾಗಾಗಲಿಲ್ಲ. ಆ ವರ್ಷ ಅವನು ಮೂಡಿಗೆರೆ ಕಡೆ ಬರಲೇ ಇಲ್ಲ. ಎಸ್ಟೇಟಿನಲ್ಲಿ ಕೆಲಸ ಜಾಸ್ತಿ, ಸಾಹುಕಾರರು ರಜೆ ಕೊಡುತ್ತಿಲ್ಲ ಎನ್ನುತ್ತಿದ್ದ. ನಾನೇ ಬರುತ್ತೇನೆ ಎಂದರೆ ಕೊಯ್ಲು ಮುಗಿಯಲಿ ಎನ್ನುತ್ತಿದ್ದ. ಬದಲಿಗೆ ತನ್ನದೇ ಫೋಟೋ ಕಳಿಸುತ್ತಿದ್ದ. ಕ್ಯಾಮೆರಾವನ್ನು ಗೋಡೆಯ ಮೇಲಿಟ್ಟು, ಗುಂಡಿ ಒತ್ತಿ ಓಡಿ ಬಂದು ನಿಂತು ತೆಗೆದುಕೊಂಡವು. ರೀಲು ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಮ್ಮ ಅಂಗಡಿಗೆ ಬರುತ್ತಿತ್ತು. ನನ್ನ ಗಂಡ ಅದನ್ನು ಚಿಕ್ಕಮಗಳೂರಿನ ಸ್ಟುಡಿಯೋಗೆ ಕೊಟ್ಟು, ತೊಳೆಸಿ, ಪ್ರಿಂಟ್ ಹಾಕಿಸಿ ತರುತ್ತಿದ್ದರು. ನೆಗೆಟಿವ್ ಕಳಸಕ್ಕೆ, ಪ್ರಿಂಟ್ ನನಗೆ. ಪ್ರಿಂಟ್ ಬಂದ ದಿನ ಅಣ್ಣನಿಗೆ ಫೋನ್ ಮಾಡುತ್ತಿದ್ದೆ.

"ಹೆಂಗಿದೀನೇ?" ಎನ್ನುತ್ತಿದ್ದ.

"ಮದುವೆ ಗಂಡಿನ ಹಂಗೆ ಇದೀಯ. ಕೆನ್ನೆ ನೋಡು, ಕೆಂಪಗೆ."

"ನಿನ್ನತ್ತಿಗೆ ಕೈ ಅಡುಗೆ ಮಾರಾಯ್ತಿ. ನಿನ್ನ ಗಂಡಂಗೆ ಆ ಭಾಗ್ಯ ಇಲ್ಲ."

ಈ ಜೋಕಿಗೆ ನಾನು ಪ್ರತಿ ಸಲವೂ ನಗುತ್ತಿದ್ದೆ. ಆ ಪ್ರಿಂಟ್‌ಗಳನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟಿದ್ದೆ. ತಲೆ ಬಾಚುವಾಗೆಲ್ಲ ಅವನು ಕಾಣುತ್ತಿದ್ದ.

ಕೊಯ್ಲು ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅತ್ತಿಗೆಯ ಫೋನ್ ಬಂತು. ಜ್ವರ ಬಂದಿತ್ತು, ಇದ್ದಕ್ಕಿದ್ದ ಹಾಗೆ ಹೋದರು ಎಂದರು. ನಾವು ಹೋಗಿ ಸೇರುವಷ್ಟರಲ್ಲಿ ಕೊನೆಯ ಸ್ನಾನ ಆಗಿತ್ತು. ನಮ್ಮಲ್ಲಿ ಅರಿಶಿನ ಹಚ್ಚಿ ನೀರು ಹಾಕುತ್ತಾರೆ. ಅರಿಶಿನದ ಮುಖ, ಹಣೆಯಲ್ಲಿ ವಿಭೂತಿ, ಮುಚ್ಚಿದ ಕಣ್ಣು. ನಾನು ನೋಡಿದ್ದು ಅಷ್ಟೇ.

ಹಾಗಾಗಿ ಗೋಡೆಗೆ ಹಾಕುವ ಫೋಟೋ ಸರಿಯಾಗಿ ಬರಬೇಕೆಂದು ನನಗೆ ಹಟವಿತ್ತು. ಬದುಕಿದ್ದಾಗಿನ ಅವನ ಮುಖ, ಇದ್ದ ಹಾಗೆಯೇ, ನನಗೆ ಬೇಕಾಗಿತ್ತು.

ಗಂಡ ಮೊದಲು, ಕನ್ನಡಿಯಲ್ಲಿದ್ದ ಪ್ರಿಂಟನ್ನೇ ಅಂಗಡಿಯ ಸ್ಕ್ಯಾನರಿನಲ್ಲಿ ಹಾಕಿ ದೊಡ್ಡದು ಮಾಡೋಣ ಎಂದರು. ಮಾಡಿ ನೋಡಿದೆವು. ಪೋಸ್ಟ್‌ಕಾರ್ಡಿನಷ್ಟು ಪ್ರಿಂಟಿನಲ್ಲಿ ಅವನ ಮುಖ ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ದೊಡ್ಡದು ಮಾಡಿದರೆ ಮೂಗು ಕರಗಿ ಕೆನ್ನೆಗೆ ಸೇರಿಬಿಡುತ್ತಿತ್ತು. ನೆಗೆಟಿವ್‌ನಿಂದಲೇ ಮಾಡಬೇಕು ಎಂದೆ. ನೆಗೆಟಿವ್ ಯಾಕೆ, ಅದೊಂದು ದೊಡ್ಡ ಕೆಲಸ, ಇದಕ್ಕೇ ಸ್ವಲ್ಪ ಕೈ ಆಡಿಸಿದರೆ ಆಗುತ್ತದೆ ಎಂದರು. ಅವರಿಗೆ ಸೋಮಾರಿತನ ಎಂದುಕೊಂಡೆ. ಅತ್ತಿಗೆಗೆ ಹೇಳಿ ನೆಗೆಟಿವ್‌ಗಳನ್ನು ತರಿಸಿದೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬಟ್ಟೆಯ ಗಂಟಿನಲ್ಲಿ ಹುರಿದ ಅಕ್ಕಿ ಇಟ್ಟು ಅಣ್ಣ ಅವನ್ನು ಕಾಪಾಡಿದ್ದ. ನಮ್ಮ ಮಳೆಗೆ ಹಾಗೆ ಮಾಡದಿದ್ದರೆ ಫಿಲ್ಮಿನ ಮೇಲೆ ಬೂಷ್ಟು ಬಂದುಬಿಡುತ್ತದೆ.

ಸ್ಕ್ಯಾನರ್ ಹುಡುಕುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಅಂಗಡಿಯಲ್ಲಿದ್ದದ್ದು ಕಾಗದಕ್ಕೆ ಮಾತ್ರ. ಅದು ಕೆಳಗಿನಿಂದ ಬೆಳಕು ಬಿಟ್ಟು, ಕಾಗದದಿಂದ ವಾಪಸು ಬಂದ ಬೆಳಕನ್ನು ಓದುತ್ತದೆ. ಫಿಲ್ಮಿಗೆ ಬೆಳಕು ಮೇಲಿನಿಂದ ಹಾಯ್ದು ಬರಬೇಕು, ಅಂದರೆ ಮುಚ್ಚಳದೊಳಗೇ ದೀಪವಿರಬೇಕು. ತೆಳ್ಳಗಿನ ಹೊಸ ಸ್ಕ್ಯಾನರ್‌ಗಳು ನೋಡಲು ಚೆಂದ, ಆದರೆ ಗಾಜಿಗೆ ಅಂಟಿಕೊಂಡದ್ದನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತವೆ. ಫಿಲ್ಮನ್ನು ಚೌಕಟ್ಟಿನಲ್ಲಿಟ್ಟು ಗಾಜಿನಿಂದ ತುಸು ಎತ್ತರಕ್ಕೆ ಹಿಡಿದರೆ ಅವಕ್ಕೆ ಮಬ್ಬು. ದಪ್ಪ ಹೊಟ್ಟೆಯ ಹಳೆಯ ಮಾದರಿಯೇ ಬೇಕೆಂದು ಗೊತ್ತಾಯಿತು. ಎಷ್ಟು ಸೂಕ್ಷ್ಮವಾಗಿ ಓದುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದ ದೊಡ್ಡ ದೊಡ್ಡ ಅಂಕಿಗಳನ್ನು ನಂಬಬಾರದೆಂದೂ ಗೊತ್ತಾಯಿತು. ಅದರ ಅರ್ಧಕ್ಕಿಂತ ಮೇಲೆ ಹೋದರೆ ಫೈಲ್ ದಪ್ಪವಾಗುತ್ತದೆಯೇ ಹೊರತು ಹೊಸದೇನೂ ಕಾಣುವುದಿಲ್ಲ. ಕೊನೆಗೆ ಹಾಸನದಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಸ್ಟುಡಿಯೋದಿಂದ ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು. ಫಿಲ್ಮ್ ಹಿಡಿಯುವ ಚೌಕಟ್ಟು ಒಡೆಯದೆ ಇದೆಯೇ ಎಂದು ಮೊದಲು ನೋಡಿದೆ. ಅದು ಹೋದರೆ ಬೇರೆ ಸಿಗುವುದಿಲ್ಲ.

ಗಾಜಿನ ಒಳಮೈಗೆ ಮಂಜು ಹಿಡಿದಿತ್ತು. ಗಂಡ ಸ್ಕ್ರೂ ಬಿಚ್ಚಿ ಒರೆಸಿಕೊಟ್ಟರು. ಆಮೇಲೆ, ತೇವ ಹಿಡಿಯದಿರಲೆಂದು, ಕೆಲಸವಿಲ್ಲದಾಗ ಅದನ್ನು ಒಂದು ಸಣ್ಣ ಬಲ್ಬ್ ಉರಿಯುವ ಬೀರುವಿನಲ್ಲಿಡುತ್ತಿದ್ದೆವು. ಉಳಿದದ್ದೆಲ್ಲ ನನ್ನ ಕೆಲಸ. ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ ಒಳಗಿನ ಕೋಣೆಯಲ್ಲಿ ಕೂರುತ್ತಿದ್ದೆ. ಫಿಲ್ಮಿನ ಹೊಳಪಿನ ಮೈ ಯಾವುದು, ಮಾಸಲು ಮೈ ಯಾವುದು ಎಂದು ನೋಡಿ ಇಡಬೇಕು. ಸುರುಳಿ ಬಿಡದ ಫಿಲ್ಮನ್ನು ದಪ್ಪ ಪುಸ್ತಕದಡಿ ದಿನಗಟ್ಟಲೆ ಒತ್ತಿಡಬೇಕು. ಇಲ್ಲದಿದ್ದರೆ ಅದು ನಡುವೆ ಜೋತು ಗಾಜಿಗೆ ತಾಗಿ, ನೀರಿಗೆ ಎಣ್ಣೆ ಬಿದ್ದಂತೆ ಬಣ್ಣದ ಬಳೆಗಳು ಮೂಡುತ್ತವೆ. ಚೌಕಟ್ಟಿನ ಎತ್ತರವೂ ಸರಿಯಿರಲಿಲ್ಲ. ಹಳೆಯ ಮದುವೆ ಕಾಗದ ಕತ್ತರಿಸಿ, ಮೂಲೆಗಳ ಕೆಳಗೆ ಒಂದೊಂದೇ ಚೂರು ಸೇರಿಸುತ್ತಾ, ಪ್ರತಿ ಸಲ ಸ್ಕ್ಯಾನ್ ಮಾಡಿ ಅಣ್ಣನ ರೆಪ್ಪೆಯ ಕೂದಲು ನೋಡುತ್ತಿದ್ದೆ. ಒಂದು ಎತ್ತರದಲ್ಲಿ ಕೂದಲು ಬಿಡಿಬಿಡಿಯಾಗಿ ಕಂಡಿತು. ಅಲ್ಲಿಗೆ ನಿಲ್ಲಿಸಿ ಅಂಟಿಸಿದೆ.

ಸ್ಕ್ಯಾನ್ ಮಾಡುವಾಗ ಕಂಪ್ಯೂಟರಿನಲ್ಲಿ ಬರುವ, ಚಿತ್ರ ಚೂಪು ಮಾಡುವ ಟಿಕ್ ಗುರುತು, ಬಣ್ಣ ಮರಳಿಸುವ ಗುರುತು, ತಾನೇ ಬೆಳಕು ಹೊಂದಿಸುವ ಗುರುತು ಇವನ್ನೆಲ್ಲ ತೆಗೆದುಹಾಕಿದೆ. ಗಂಡ ಹಾದುಹೋಗುವಾಗ, "ಆಟೋ ಹಾಕು ಮಾರಾಯ್ತಿ, ಮೆಷಿನ್‌ಗೆ ಗೊತ್ತಿರತ್ತೆ" ಎನ್ನುತ್ತಿದ್ದರು. ಮೆಷಿನ್‌ಗೆ ನಮ್ಮಣ್ಣ ಗೊತ್ತಿಲ್ಲ ಎನ್ನುತ್ತಿದ್ದೆ.

ಬಣ್ಣದ ನೆಗೆಟಿವ್ ಕಿತ್ತಳೆ ಬಣ್ಣದ ಪರದೆಯ ಹಿಂದೆ ಇರುತ್ತದೆ. ಆ ಕಿತ್ತಳೆ ಕಳೆದು, ತಲೆಕೆಳಗಾದ ಬಣ್ಣ ತಿರುಗಿಸಿದ ಮೇಲೂ ಯಾವುದು ನಿಜವಾದ ಬಣ್ಣ ಎಂದು ಹೇಳುವವರು ಯಾರೂ ಇಲ್ಲ. ಚಿತ್ರದೊಳಗೆ ನಮಗೆ ಖಚಿತವಾಗಿ ಗೊತ್ತಿರುವ ಒಂದು ವಸ್ತು ಬೇಕು. ಅದನ್ನು ಸರಿ ಮಾಡಿದರೆ ಉಳಿದದ್ದೆಲ್ಲ ತಾನಾಗಿ ಸರಿಯಾಗುತ್ತದೆ. ನಾನು ಆರಿಸಿದ ಫೋಟೋದಲ್ಲಿ ಅಣ್ಣ, ಅತ್ತಿಗೆ ಎಸ್ಟೇಟಿನ ಕಣದಲ್ಲಿ ನಿಂತಿದ್ದರು. ಹಿಂದೆ ಪಾರ್ಚ್‌ಮೆಂಟ್ ಹರಡಿತ್ತು. ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ, ಒಳಹೊಟ್ಟು ಹಾಗೇ ಇರುವ ಕಾಫಿ ಬೀಜ. ಅದು ಬಿಳಿ ಎಂದೇ ನಮ್ಮ ಮಾತು. ಚೆನ್ನಾಗಿ ತೊಳೆದಿದ್ದಾರೆ, ಬೆಳ್ಳಗಿದೆ ಎನ್ನುತ್ತೇವೆ. ಹಾಗಾಗಿ ಇದೇ ಬಿಳಿ ಎಂದು ಕಂಪ್ಯೂಟರಿಗೆ ಪಾರ್ಚ್‌ಮೆಂಟನ್ನು ತೋರಿಸಿದೆ. ಚಿತ್ರ ಒಮ್ಮೆಲೇ ತಿಳಿಯಾಯಿತು. ಅಣ್ಣನ ಕೆನ್ನೆ ಕೆಂಪಾಯಿತು. ಕನ್ನಡಿಯಲ್ಲಿದ್ದ ಪ್ರಿಂಟಿನ ಅಣ್ಣನೇ ದೊಡ್ಡದಾಗಿ ಬಂದು ಕೂತಂತಾಯಿತು.

"ಸಾಕು, ಇದೇ," ಎಂದರು ಗಂಡ. "ಇದಕ್ಕಿಂತ ಚೆನ್ನಾಗಿ ಬರಲ್ಲ. ಪ್ರಿಂಟ್ ಕೊಟ್ಟುಬಿಡೋಣ."

ಅವರು ಅಷ್ಟು ಅವಸರ ಮಾಡಿದ್ದು ಯಾಕೆಂದು ಆಗ ಯೋಚಿಸಲಿಲ್ಲ. ನನಗೆ ಪಾರ್ಚ್‌ಮೆಂಟ್ ಚುಚ್ಚುತ್ತಿತ್ತು. ನಾನು ಊರಾಚೆಯ ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ, ಒಳಹೊಟ್ಟು ತೆಗೆದ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತೇನೆ. ಬಣ್ಣ ನೋಡಿ ಬೇರೆ ಮಾಡುವ ಯಂತ್ರ ಬಂದ ಮೇಲೆ ಯಂತ್ರ ಬಿಟ್ಟದ್ದನ್ನು ಆರಿಸುವುದು ಮಾತ್ರ ನಮ್ಮ ಪಾಲು. ಕಪ್ಪು, ಕಂದು, ಬಿಳಿಚಿದ್ದು, ಹುಳ ಹೊಡೆದದ್ದು, ಎಲ್ಲ ಕೈಗೆ ಗೊತ್ತು. ತೆರೆಯ ಮೇಲಿದ್ದ ಪಾರ್ಚ್‌ಮೆಂಟ್ ಸುಣ್ಣದ ತಿಳಿಯ ಹಾಗೆ ನೀಲಿ ಹೊಡೆಯುತ್ತಿತ್ತು. ಅಂಥ ಮಾಲು ಬಂದರೆ ಒಣಗಿಲ್ಲ ಎಂದು ವಾಪಸು ಕಳಿಸುತ್ತಾರೆ. ಕನ್ನಡಿಯ ಪ್ರಿಂಟ್ ತಂದು ಪಕ್ಕದಲ್ಲಿಟ್ಟೆ. ಅದರಲ್ಲೂ ಹಾಗೇ ಇತ್ತು. ಅಷ್ಟು ಕಾಲ ಕಣ್ಣೆದುರಿಗಿದ್ದರೂ ನಾನು ಮುಖ ನೋಡಿದ್ದೆ, ಕಣ ನೋಡಿರಲಿಲ್ಲ.

ಹೊಸ ಕೊಯ್ಲಿನ ಪಾರ್ಚ್‌ಮೆಂಟ್ ಆಗಲೇ ಬರತೊಡಗಿತ್ತು. ಮೇಲ್ವಿಚಾರಕರನ್ನು ಕೇಳಿ ಒಂದು ಹಿಡಿ ಊಟದ ಡಬ್ಬಿಯ ಮುಚ್ಚಳದಲ್ಲಿ ತಂದೆ. ಕಿಟಕಿಯ ಬೆಳಕಿನಲ್ಲಿ ತೆರೆಯ ಪಕ್ಕ ಇಟ್ಟೆ. ಬಿಳಿ ಕಾಗದದ ಮೇಲೆ ಸುರಿದಾಗ ಅದರ ನಿಜ ಬಣ್ಣ ಕಂಡಿತು. ನಾವು ಬಿಳಿ ಎನ್ನುವುದು ಬರೀ ಮಾತು. ಅದು ಒಣ ಹುಲ್ಲಿನ ಬಣ್ಣ, ತೆಳು ಹೊಂಬಣ್ಣ. ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ಸರಿಸುತ್ತಾ, ತೆರೆಯ ಪಾರ್ಚ್‌ಮೆಂಟ್ ಮುಚ್ಚಳದ ಪಾರ್ಚ್‌ಮೆಂಟಿನ ಹಾಗಾಗುವವರೆಗೂ ಕೂತೆ. ಕಣದ ಸಿಮೆಂಟ್ ಬೂದು ಬಣ್ಣಕ್ಕೆ ತಿರುಗಿತು. ಕಣದಂಚಿನ ಸಿಲ್ವರ್ ಓಕ್ ಮರದ ಎಲೆಯ ಬೆನ್ನು ಬೆಳ್ಳಿಯಾಯಿತು. ಅತ್ತಿಗೆ ತಮ್ಮ ಕಂದು ಬಣ್ಣಕ್ಕೆ ಬಂದರು.

ಅಣ್ಣ ಹಳದಿಯಾದ.

ಮುಖ, ಕತ್ತು, ಅಂಗಿಯ ತೋಳಿನಿಂದ ಹೊರಬಂದ ಕೈ ಎಲ್ಲವೂ ಹಳದಿ. ದೊಡ್ಡದು ಮಾಡಿ ಕಣ್ಣು ನೋಡಿದೆ. ಬಿಳಿ ಇರಬೇಕಾದ ಜಾಗದಲ್ಲಿ ಗಾಢ ಹಳದಿ. ನನ್ನ ಕೈಯೇ ಕೆಟ್ಟಿದೆ ಎಂದುಕೊಂಡು ಮೊದಲಿನಿಂದ ಮಾಡಿದೆ. ಮತ್ತೆ ಹಾಗೇ ಬಂತು. ಡಬ್ಬಿಯಿಂದ ಹಿಂದಿನ ವರ್ಷದ ರೀಲು ತೆಗೆದೆ. ಅದರಲ್ಲಿ ಅತ್ತಿಗೆ ಹಟ ಮಾಡಿ ತೆಗೆದ ಅವನ ಒಂದೇ ಒಂದು ಫೋಟೋ ಇತ್ತು, ಅದೇ ಕಣ, ಅದೇ ಪಾರ್ಚ್‌ಮೆಂಟ್. ಅದೇ ಅಳತೆಯಲ್ಲಿ ಮಾಡಿದೆ. ಅಣ್ಣ ಬಿಸಿಲಿಗೆ ಸುಟ್ಟ, ನಮ್ಮಪ್ಪನ ಬಣ್ಣದ ಅಣ್ಣನಾಗಿಯೇ ಬಂದ. ಹಾಗಾದರೆ ಸ್ಕ್ಯಾನರಿನಲ್ಲಿ ದೋಷವಿರಲಿಲ್ಲ. ಆಗ ನನಗೆ ಆ ಅರಿಶಿನದ ಮುಖ ನೆನಪಾಯಿತು. ನಾನು ಅರಿಶಿನ ಎಂದುಕೊಂಡದ್ದರಲ್ಲಿ ಅರಿಶಿನ ಎಷ್ಟಿತ್ತೋ.

ಗಂಡನನ್ನು ಕರೆದೆ. ಅವರು ಬಾಗಿಲಲ್ಲೇ ನಿಂತು ನೋಡಿದರು.

"ಸಂಜೆ ಬಿಸಿಲಲ್ಲಿ ತೆಗೆದಿದ್ದು ಅನ್ಸತ್ತೆ."

"ಅತ್ತಿಗೆ ಮುಖಕ್ಕೆ ಬೀಳ್ದೇ ಇರೋ ಬಿಸಿಲು ಇವ್ನ ಮುಖಕ್ಕೆ ಮಾತ್ರ ಬೀಳತ್ತಾ?"

ಅವರು ಒಳಗೆ ಬಂದು ಕೂತರು. ಹೊರಗೆ ಯಾರೋ ಆಧಾರ್ ಜೆರಾಕ್ಸ್ ಕೇಳುತ್ತಿದ್ದರು. ಎದ್ದು ಹೋಗಲಿಲ್ಲ.

"ಸ್ಕ್ಯಾನರ್ ಸರಿಯಾಗೇ ಇದೆ," ಎಂದರು. "ನಿನ್ನಣ್ಣ ಹಂಗೇ ಇದ್ದಿದ್ದು."

ಆಮೇಲೆ ಹೇಳಿದರು. ಮಳೆಗಾಲದಲ್ಲಿ ಬಂದ ಮೊದಲ ರೀಲಿನ ಪ್ರಿಂಟ್‌ಗಳನ್ನು ಚಿಕ್ಕಮಗಳೂರಿನಿಂದ ತಂದಾಗ ಅವರೇ ಮೊದಲು ತೆರೆದು ನೋಡಿದ್ದರಂತೆ. ಗಾಬರಿಯಾಗಿ ಅಣ್ಣನಿಗೆ ಫೋನ್ ಮಾಡಿದ್ದರಂತೆ. ಲಿವರ್ ಕೆಟ್ಟಿದೆ, ಮಂಗಳೂರಿನಲ್ಲಿ ತೋರಿಸಿಯಾಗಿದೆ, ಮಾಡುವಂಥದ್ದು ಹೆಚ್ಚೇನೂ ಇಲ್ಲ ಎಂದು ಅಣ್ಣ ಆಗಲೇ ಹೇಳಿದ್ದನಂತೆ. ಫೋಟೋದಲ್ಲಿ ಬಣ್ಣ ಅಷ್ಟು ಎದ್ದು ಕಾಣುತ್ತದೆಂದು ಅವನಿಗೆ ಹೊಳೆದಿರಲಿಲ್ಲವಂತೆ. ನನಗೆ ಹೇಳಬಾರದೆಂದು ಮಾತು ತೆಗೆದುಕೊಂಡಿದ್ದನಂತೆ. ಗಂಡ ಆ ಪ್ರಿಂಟ್‌ಗಳನ್ನು ಸ್ಟುಡಿಯೋಗೆ ವಾಪಸು ಕೊಟ್ಟು ಹಳದಿ ತೆಗೆಯಲು ಹೇಳಿದ್ದರು. ಮುಂದಿನ ರೀಲುಗಳಿಗೆ ಮೊದಲೇ ಹೇಳಿ ಕೊಡುತ್ತಿದ್ದರು. ಸ್ಟುಡಿಯೋದವರು ತಾವೇ ಕೆನ್ನೆಗೆ ಸ್ವಲ್ಪ ಕೆಂಪನ್ನೂ ಸೇರಿಸಿದ್ದರು. ಬೇಲೂರಿನಿಂದ ಕಾಗದ ತರುತ್ತೇನೆ ಎಂದು ಹೋದ ದಿನ ಅವರು ಕಳಸಕ್ಕೆ ಹೋಗಿ ಅಣ್ಣನನ್ನು ನೋಡಿಕೊಂಡು ಬಂದಿದ್ದರು.

"ನಂಗೆ ಹೇಳಿದ್ರೆ?"

"ನೀನು ಹೋಗ್ತಿದ್ದೆ."

"ಹೋಗ್ಬೇಕಿತ್ತಲ್ಲ."

ಅಣ್ಣ ಅಂದದ್ದನ್ನು ಅಂದ ಹಾಗೇ ಹೇಳಿ ಎಂದು ನಾನೇ ಒತ್ತಾಯ ಮಾಡಿದೆ.

"ಅವ್ಳು ಬಂದು ಪಕ್ಕ ಕೂತ್ರೆ ನಾನು ಸಾಯೋದು ಖಾತ್ರಿ ಆಗ್ಬಿಡತ್ತೆ ಭಾವ, ಅಂದ್ರು."

ಅಮ್ಮ ಮಲಗಿದ್ದಾಗ ನಾನು ಕೆಲಸ ಬಿಟ್ಟು ಕೊನೆಯವರೆಗೂ ಪಕ್ಕದಲ್ಲಿ ಕೂತಿದ್ದೆ. ನನ್ನ ಕೈ ಹಿಡಿದೇ ಅಮ್ಮ ಹೋದಳು. ನನ್ನ ಬದುಕಿನಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದು ಎಂದು ತಿಳಿದಿದ್ದೆ. ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ ಅಣ್ಣನಿಗೆ ಅದು ಹಾಗೆ ಕಂಡಿರಲಿಲ್ಲ. ನಾನು ಕೂರುವುದೆಂದರೆ ಸಾವು ಬಂದಿತು ಎಂದು ಅವನ ಲೆಕ್ಕ. ಅವನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಕಾಯಿಲೆಯ ಮೈ ಹೊತ್ತು ಕ್ಯಾಮೆರಾದಿಂದ ಕಣದ ನಡುವಿಗೆ ಓಡಿ ಬಂದು ನಿಂತು ನಗುವುದು ಸುಲಭವಲ್ಲ. ಆದರೆ ಆ ನಗು ನನ್ನನ್ನು ದೂರ ಇಡಲು. ನಾನು ಅದನ್ನು ಕನ್ನಡಿಗೆ ಸಿಕ್ಕಿಸಿಕೊಂಡಿದ್ದೆ. ಕೆನ್ನೆ ಕೆಂಪಗಿದೆ ಎಂದು ಫೋನಿನಲ್ಲಿ ನಾನೇ ಹೇಳಿದ್ದೆ. ಆಗ ಆ ಕಡೆ ಅವನು ಏನು ಅಂದುಕೊಂಡನೋ.

ಗಂಡನ ವಿಷಯ ಬೇರೆ. ಅವರು ಒಳ್ಳೆಯವರು, ಮಾತು ಕೊಟ್ಟಿದ್ದರು, ಉಳಿಸಿಕೊಂಡರು. ಆದರೆ ಪ್ರತಿ ಸಲ ಪ್ರಿಂಟಿನ ಕವರ್ ತಂದು ನನ್ನ ಕೈಗೆ ಕೊಟ್ಟು, ನಾನು ನೋಡಿ ನಗುವುದನ್ನು ಎದುರಿಗೆ ನಿಂತು ನೋಡಿದ್ದರಲ್ಲ, ಅದು ನನಗೆ ಈಗಲೂ ಜೀರ್ಣವಾಗಿಲ್ಲ. ಮದುವೆಗೆ ಹೆಣ್ಣು ತೋರಿಸಲು, ಕೆಲಸದ ಅರ್ಜಿಗೆ ಎಂದು ಬರುವವರ ಮುಖಗಳನ್ನು ಅವರು ಕೇಳದೆಯೇ ಬೆಳ್ಳಗೆ ಮಾಡಿಕೊಡುತ್ತಾರೆ. ಎಲ್ಲರೂ ಖುಷಿಯಾಗಿ ಹೋಗುತ್ತಾರೆ. ನನ್ನನ್ನೂ ಅವರು ಅಂಗಡಿಗೆ ಬಂದ ಗಿರಾಕಿಯ ಹಾಗೆ ಖುಷಿಪಡಿಸಿ ಕಳಿಸಿದ್ದರು.

ಅತ್ತಿಗೆಗೆ ಫೋನ್ ಮಾಡಿದೆ. ಗೊತ್ತಾಯಿತು ಎಂದೆ. ಅವರು, ಗೋಡೆಗೆ ಮಾತ್ರ ಚೆನ್ನಾಗಿರೋದೇ ಹಾಕೋಣ, ಬಂದವರು ನೋಡುತ್ತಾರೆ ಎಂದರು. ಹಿಂದಿನ ವರ್ಷದ್ದು ಇದೆಯಲ್ಲ, ಅದನ್ನು ಹಾಕಬಹುದು ಎಂದು ಗಂಡ ಹೇಳಿದರು. ಅದು ಸುಳ್ಳೂ ಅಲ್ಲ ಎಂದರು. ನಿಜ, ಸುಳ್ಳಲ್ಲ. ಆದರೆ ಆ ಅಣ್ಣನನ್ನು ನಾನು ಬೇಕಾದಷ್ಟು ನೋಡಿದ್ದೆ. ನನ್ನಿಂದ ಬಚ್ಚಿಟ್ಟವನನ್ನು ನೋಡಿರಲಿಲ್ಲ.

ಅತ್ತಿಗೆ ಇರುವ ಭಾಗ ಕತ್ತರಿಸಿ, ಹಳದಿ ಮುಖದ್ದನ್ನೇ ಪ್ರಿಂಟ್ ಮಾಡಿ ಎಂದೆ. ಅವರ ಪ್ರಿಂಟರಿನಲ್ಲಿ ಮುಖ ಕಂಡ ಕೂಡಲೇ ತಾನಾಗಿ ತಿದ್ದುವ ಒಂದು ಏರ್ಪಾಡು ಇತ್ತು. ಅದನ್ನು ಮುಚ್ಚಿಸಿದೆ. ಹೊರಗೆ ಬಂದ ಹಾಳೆಯನ್ನು ಪಾರ್ಚ್‌ಮೆಂಟಿನ ಪಕ್ಕ ಇಟ್ಟು ನೋಡಿದೆ. ಒಂದಿಷ್ಟು ಕೆಂಪು ಹೆಚ್ಚಿತ್ತು. ಇನ್ನೊಮ್ಮೆ ಮಾಡಿ ಎಂದೆ. ಅವರು ಮಾಡಿದರು.

ವರ್ಷದ ಕಾರ್ಯಕ್ಕೆ ಬೆಳಗಿನ ಬಸ್ಸಿಗೆ ಹೋದೆವು. ಗಂಡ ಹಿಂದಿನ ಸೀಟಿನಲ್ಲಿ, ನಾನು ಮುಂದೆ. ಚೌಕಟ್ಟು ಹಾಕಿದ ಫೋಟೋ ನನ್ನ ಮಡಿಲಲ್ಲಿ ಬಟ್ಟೆ ಸುತ್ತಿಕೊಂಡಿತ್ತು. ಅತ್ತಿಗೆ ಬಟ್ಟೆ ಬಿಚ್ಚಿ ನೋಡಿ, ನನ್ನ ಮುಖ ನೋಡಿ, ಒಳಗೆ ಒಯ್ದರು. ಬೇರೆ ಫೋಟೋ ಇಟ್ಟಿರುತ್ತಾರೆ ಎಂದುಕೊಂಡಿದ್ದೆ. ಆದರೆ ಪೂಜೆಗೆ ಕೂರುವಾಗ ಅದನ್ನೇ ಮಣೆಯ ಮೇಲಿಟ್ಟು ಹಾರ ಹಾಕಿದ್ದರು.

ಎಸ್ಟೇಟಿನ ಜನರೆಲ್ಲ ಬಂದರು. ಮೇಸ್ತ್ರಿ ಬಂದು ಕೈ ಮುಗಿದ. ರೀಲು ತರುತ್ತಿದ್ದ ಕಂಡಕ್ಟರ್ ಡ್ಯೂಟಿಯ ಬಟ್ಟೆಯಲ್ಲೇ ಬಂದು ಹೂ ಹಾಕಿ ಹೋದರು. ಯಾರಾದರೂ ಬೆಚ್ಚಿಬೀಳುತ್ತಾರೆ, ಯಾಕೆ ಹೀಗಿದೆ ಎಂದು ಕೇಳುತ್ತಾರೆ ಎಂದು ನಾನು ಬಾಗಿಲ ಪಕ್ಕ ನಿಂತು ಕಾಯುತ್ತಿದ್ದೆ. ಯಾರೂ ಕೇಳಲಿಲ್ಲ. ಗುರುತಿನವರನ್ನು ನೋಡುವ ಹಾಗೆ ನೋಡಿ ಊಟಕ್ಕೆ ಹೋಗುತ್ತಿದ್ದರು. ಲೈನ್ ಮನೆಯ ಒಬ್ಬ ಹೆಂಗಸು ಮಾತ್ರ ಹತ್ತಿರ ಹೋಗಿ ನಿಂತು, ಸೆರಗಿನಿಂದ ಗಾಜು ಒರೆಸಿದಳು.

"ಹೋದ್ ಕೊಯ್ಲಿಂದು ಅಲ್ವಾ ಇದು?" ಎಂದಳು ನನಗೆ. "ರೈಟರು ಹಿಂಗೇ ಇದ್ರು. ಕಣದಲ್ಲಿ ಕೂತಿರೋರು, ಪಾಪ, ಎದ್ದು ನಿಲ್ಲೋಕ್ ಆಗ್ತಿರ್ಲಿಲ್ಲ. ನೀವ್ ನೋಡಿರ್ತೀರಲ್ಲ."

ಅಷ್ಟು ಜನರಲ್ಲಿ ಆ ಮುಖ ಹೊಸದಾಗಿದ್ದದ್ದು ನನಗೊಬ್ಬಳಿಗೇ.

ಗಂಡ ಪಂಕ್ತಿಯಲ್ಲಿ ನನಗೆ ಎಲೆ ಹಿಡಿದು ಕೂತು ಕೈಸನ್ನೆ ಮಾಡುತ್ತಿದ್ದರು. ನಾನು ಹೋಗಲಿಲ್ಲ. ಆ ಹೆಂಗಸನ್ನು ಕರೆದುಕೊಂಡು ಹೊರಗೆ ಬಂದು ಕಣದ ಕಟ್ಟೆಯ ಮೇಲೆ ಕೂರಿಸಿದೆ. ನಾನು ನೋಡಿಲ್ಲ, ಹೇಳು ಎಂದೆ. ಮಳೆಗಾಲದಿಂದ ಹೇಳು.